ಸಿಂದಗಿ ಇಳಿಸಿದರೆ ಮಾತ್ರ

ನಮ್ಮ ಬ್ಯಾಂಡಿನಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಹೆಸರುಗಳೇನೋ ಇವೆ, ರೇಶನ್ ಕಾರ್ಡಿನಲ್ಲಿ ಬೆಚ್ಚಗೆ ಕುಳಿತಿವೆ. ವೇದಿಕೆಯ ಮೇಲೆ, ಬಸ್ಸಿನಲ್ಲಿ, ಊಟದ ಪಂಕ್ತಿಯಲ್ಲಿ ಊರೇ ಹೆಸರು. ಸ್ಯಾಕ್ಸಫೋನ್ ಊದುವವರು ಸಿಂದಗಿ. ಬೇಸ್ ಗಿಟಾರ್ ಹಿಡಿದವನು ಮುದ್ದೇಬಿಹಾಳ. ಹಲಗೆ ಮತ್ತು ಡ್ರಮ್ ಸೆಟ್ ಎರಡನ್ನೂ ಒಬ್ಬನೇ ಸಂಭಾಳಿಸುವವನು ಬಾಗೇವಾಡಿ. ಕೀಬೋರ್ಡ್ ನುಡಿಸುವ ನಾನು ಇಂಡಿಯವಳು. ಆದರೆ ನನ್ನನ್ನು ಇಂಡಿ ಎಂದು ಕರೆಯುವ ಧೈರ್ಯ ಮೂವರಿಗೂ ಬರಲಿಲ್ಲ. ಸರಕಾರಿ ಶಾಲೆಯಲ್ಲಿ ಕಲಿಸುತ್ತಿದ್ದೆ, ಹಾಗಾಗಿ ಅಕ್ಕೋರು ಎಂದರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ನಿವೃತ್ತಿಯಾದರೂ ಆ ಹುದ್ದೆ ಹೋಗುವುದಿಲ್ಲ.

ಜನ ನಮ್ಮನ್ನು ನಾಲ್ಕೂರ ಬ್ಯಾಂಡ್ ಎನ್ನುತ್ತಾರೆ. ನಾವು ನುಡಿಸುವುದು ಏನು ಎಂಬುದರ ಬಗ್ಗೆ ಮಾತ್ರ ಒಮ್ಮತವಿಲ್ಲ. ಮದುವೆಗೆ ಕರೆದವರು ಬಾಜಾ ಎನ್ನುತ್ತಾರೆ. ಭಜನೆಯ ಮಟ್ಟು ಹಿಡಿದರೆ ಮಠದವರು ಭಜನೆ ಎನ್ನುತ್ತಾರೆ, ಆಮೇಲೆ ಬಾಗೇವಾಡಿ ಡ್ರಮ್ ಕಡೆ ತಿರುಗಿದಾಗ ಗಾಬರಿಯಾಗುತ್ತಾರೆ. ಒಮ್ಮೆ ಧಾರವಾಡದಲ್ಲಿ ಒಬ್ಬ ಪ್ರಾಧ್ಯಾಪಕರು ನಾವು ಶುರು ಮಾಡುವ ಮೊದಲು ಮೈಕ್ ಹಿಡಿದು, ಇದು ಜಾಝ್ ಫ್ಯೂಷನ್, ಇದರ ಬೇರು ಎಲ್ಲಿದೆಯೆಂದರೆ ಎಂದು ಹೊರಟರು. ಬೇರು ಅಮೆರಿಕದವರೆಗೆ ಹೋಯಿತು. ಬಾಗೇವಾಡಿ ನನ್ನ ಕಿವಿಯ ಹತ್ತಿರ ಬಗ್ಗಿ, "ಅಕ್ಕೋರ, ಇದು ಮೊದಲ ಗೊತ್ತಿದ್ರ ಕೋಟ ಹಾಕ್ಕೊಂಡ ಬರ್ತಿದ್ದೆನಲ್ರಿ" ಎಂದ. ಆವತ್ತಿನಿಂದ ನಮ್ಮ ಕರಪತ್ರದಲ್ಲಿ ಜಾಝ್ ಫ್ಯೂಷನ್ ಎಂದೇ ಅಚ್ಚಾಗುತ್ತದೆ. ಕೇಳಿದವರಿಗೆ ತೃಪ್ತಿ, ನಮಗೇನೂ ನಷ್ಟವಿಲ್ಲ.

ಬ್ಯಾಂಡ್ ಹುಟ್ಟಿದ್ದು ಒಬ್ಬ ಸಂಘಟಕನ ಅವಸರದಿಂದ. ವಿಜಯಪುರದಲ್ಲಿ ಜಿಲ್ಲೆಯ ಯುವಕರ ಮೇಳವಿತ್ತು. ತಾಲೂಕಿಗೊಬ್ಬರಂತೆ ವಾದ್ಯದವರು ಬಂದಿದ್ದೆವು. ನಾನಾಗ ನೌಕರಿಗೆ ಸೇರಿ ಬಹಳ ದಿನವಾಗಿರಲಿಲ್ಲ, ಹಾರ್ಮೋನಿಯಂ ತೊಡೆಯ ಮೇಲಿಟ್ಟುಕೊಂಡು ವೇದಿಕೆಯ ಹಿಂದೆ ಬೆವರುತ್ತಿದ್ದೆ. ಹೊತ್ತು ಮೀರಿತ್ತು, ಮಂತ್ರಿಗಳು ಬರುವವರಿದ್ದರು. ಸಂಘಟಕ ಬಂದವನೇ ಕೈಗೆ ಸಿಕ್ಕವರನ್ನು ಒಟ್ಟು ಮಾಡಿದ.

"ನೀವು ನಾಕೂ ಮಂದಿ ಒಮ್ಮೇ ಹತ್ರಿ ಮ್ಯಾಲ. ಒಬ್ಬೊಬ್ರನ್ನ ಕೇಳಕೋಂತ ಕುಂತ್ರ ಇವತ್ತ ಮುಗ್ಯಾಂಗಿಲ್ಲ."

ಹತ್ತಿದೆವು. ಒಬ್ಬರ ಮುಖ ಒಬ್ಬರು ನೋಡಿದ್ದೇ ಆಗ. ಸಿಂದಗಿಯವರು ಎಲ್ಲರಿಗೂ ಗೊತ್ತಿದ್ದ ಒಂದು ಭಜನೆಯ ಮಟ್ಟನ್ನು ಸ್ಯಾಕ್ಸಫೋನಿನಲ್ಲಿ ಎತ್ತಿದರು, ನಾನು ಹಿಂದೆ ಬಿದ್ದೆ, ಹಲಗೆ ಗುದ್ದಿತು, ಗಿಟಾರು ಏನೋ ಒಂದನ್ನು ಗೊಣಗಿತು. ಜನ ಸೀಟಿ ಹೊಡೆದರು. ಎಲ್ಲವೂ ಚಂದವಿತ್ತು, ಮುಗಿಸುವುದೊಂದು ಬಿಟ್ಟು. ನಾನು ಮೊದಲು ನಿಲ್ಲಿಸಿದೆ. ಜನ ಚಪ್ಪಾಳೆ ತಟ್ಟಿದರು. ಗಿಟಾರು ಇನ್ನೂ ನಡೆದಿತ್ತು. ಅದು ನಿಂತಾಗ ಮತ್ತೆ ಚಪ್ಪಾಳೆ. ಹಲಗೆ ನಿಂತಾಗ ಮತ್ತೊಮ್ಮೆ. ಕೊನೆಗೆ ಸಿಂದಗಿಯವರು ನಿಲ್ಲಿಸಿದಾಗ ಜನರ ಕೈ ಸೋತಿತ್ತು.

ವೇದಿಕೆಯ ಹಿಂದೆ ಚಹಾ ಕುಡಿಯುತ್ತ ಸಿಂದಗಿಯವರು ಹೇಳಿದರು, "ಸುರು ಯಾರರೆ ಮಾಡ್ರಿ. ನಡಬರಕ ಏನರೆ ಮಾಡ್ರಿ. ಇಳಸೂದು ಮಾತ್ರ ಒಬ್ರ ಮಾಡೂಣು."

ಹಾಡನ್ನು ಮುಗಿಸುವುದಕ್ಕೆ ಅವರು ಇಳಿಸುವುದು ಎಂದರು. ನಮ್ಮಲ್ಲಿ ಆ ಮಾತೇ ನಿಂತಿತು. ವಯಸ್ಸಿನಲ್ಲಿ ಅವರೇ ದೊಡ್ಡವರು, ದನಿಯಲ್ಲಿ ಅವರ ವಾದ್ಯವೇ ದೊಡ್ಡದು, ಹಾಗಾಗಿ ಆ ಕೆಲಸ ಅವರಿಗೆ ಹೋಯಿತು. ಅವರು ಭುಜ ಎತ್ತಿ ಉಸಿರು ತುಂಬಿಕೊಳ್ಳುತ್ತಾರೆ. ಮೇಲಿನ ಒಂದು ಸ್ವರ ಹಿಡಿದು, ಅದೇ ಉಸಿರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಬರುತ್ತಾರೆ, ಅಟ್ಟದ ಮೇಲಿನ ತುಂಬಿದ ಗಡಿಗೆಯನ್ನು ಎರಡೂ ಕೈಯಿಂದ ಇಳಿಸಿದ ಹಾಗೆ. ಅವರು ಕೆಳಗೆ ಮುಟ್ಟಿದ ಕೂಡಲೇ ಮೂವರೂ ನಿಲ್ಲಿಸುತ್ತೇವೆ. ಆಮೇಲಿನ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಈ ನಿಯಮವನ್ನು ನಾವು ಮುರಿದಿರಲಿಲ್ಲ. ಹಿರಿಯರು ಕುಳಿತಿರುವಾಗ ಅವರ ಕೆಲಸಕ್ಕೆ ಕೈ ಹಾಕುವುದೆಂದರೆ ಇನ್ನು ನೀವು ಏಳಿರಿ ಎಂದು ಹೇಳಿದ ಹಾಗೆ. ನಮ್ಮ ಕಡೆ ಅದನ್ನು ಯಾರೂ ಬಾಯಿ ಬಿಟ್ಟು ಕಲಿಸುವುದಿಲ್ಲ, ಗೊತ್ತಿರುತ್ತದೆ.

ನಾವು ಯಾರೂ ನೌಕರಿ ಬಿಡಲಿಲ್ಲ. ಮುದ್ದೇಬಿಹಾಳ ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದ, ಆಮೇಲೆ ಟೀವಿ, ಈಗ ಮೊಬೈಲ್. ಅವನ ಅಂಗಡಿ ಅದೇ, ಒಳಗಿನ ಸಾಮಾನು ಚಿಕ್ಕದಾಗುತ್ತ ಹೋಯಿತು, ಅವನು ದಪ್ಪವಾಗುತ್ತ ಹೋದ. ಬಾಗೇವಾಡಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವರದು ಬೌದ್ಧ ಮನೆತನ. ಅವನ ಅಜ್ಜ ಊರಿನವರು ಕರೆದಾಗೆಲ್ಲ ಹೋಗಿ ಊರ ಅಗಸಿ ಬಾಗಿಲಲ್ಲಿ ನಿಂತು ಹಲಗೆ ಬಾರಿಸಬೇಕಿತ್ತು. ಅಪ್ಪ ಅದನ್ನು ಮನೆಯಿಂದ ಹೊರಗೆ ಹಾಕಿದ್ದರು. ಇವನು ಮತ್ತೆ ತಂದ. ಯಾಕೆಂದು ಯಾರೋ ಕೇಳಿದಾಗ, "ಅಜ್ಜ ಅವ್ರು ಕರದಾಗ ಬಾರಸ್ತಿದ್ದ. ನಾ ನನಗ ಬೇಕಾದಾಗ ಬಾರಸ್ತೇನಿ, ಕುರ್ಚಿ ಮ್ಯಾಲ ಕುಂತು, ಮುಂದ ಮೈಕ್ ಇಟ್ಟಗೊಂಡು" ಎಂದಿದ್ದ. ಅವನು ಹಲಗೆ ಬಾರಿಸುವಾಗ ಕುರ್ಚಿ ನಮ್ಮೆಲ್ಲರ ಕುರ್ಚಿಗಿಂತ ಒಂದು ಇಟ್ಟಿಗೆ ಎತ್ತರದಲ್ಲಿರಬೇಕು. ಇಟ್ಟಿಗೆ ಹುಡುಕುವುದು ಮುದ್ದೇಬಿಹಾಳನ ಕೆಲಸ.

ಸಿಂದಗಿಯವರ ಮನೆಯಲ್ಲಿ ತಲೆಮಾರುಗಳಿಂದ ಬಾಜಾ ಕಂಪನಿ ಇತ್ತು. ಅವರ ತಂದೆ ಮದುವೆಗಳಲ್ಲಿ ಸನಾದಿ ಊದುತ್ತಿದ್ದರು. ಇವರು ಸ್ಯಾಕ್ಸಫೋನ್ ತಂದಾಗ ತಂದೆ ಅದನ್ನು ಸುತ್ತ ತಿರುಗಿ ನೋಡಿ, ಇಷ್ಟು ದೊಡ್ಡ ಚಿಲುಮೆ ಯಾಕಪ್ಪ ಎಂದಿದ್ದರಂತೆ. ನಾನು ಸಿಂದಗಿಯವರನ್ನು ಭಾಯಿ ಎನ್ನುತ್ತೇನೆ, ಅವರ ಹೆಂಡತಿಯನ್ನು ಭಾಬಿ.

ಇನ್ನು ನನ್ನ ಕಥೆ. ಮದುವೆಯ ಮಾತುಕತೆಗೆ ಬಂದವರೆಲ್ಲ, ಹುಡುಗಿ ಶಾಲೆಯಲ್ಲಿ ಕಲಿಸುವುದು ಸರಿ, ಗಂಡಸರ ಜೊತೆ ಊರೂರು ತಿರುಗಿ ಬಾರಿಸುವುದು ಬೇಡ ಎಂದು ಎದ್ದು ಹೋದರು. ನಮ್ಮ ಮನೆಯ ಅವಲಕ್ಕಿ ತಿಂದೇ ಎದ್ದು ಹೋದರು, ಅದರ ಸಿಟ್ಟು ನನಗೆ ಈಗಲೂ ಇದೆ. ಒಬ್ಬ ನಿಂಬೆ ವ್ಯಾಪಾರಿ ಮಾತ್ರ ಸ್ವಲ್ಪ ಯೋಚಿಸಿ, "ರವಿವಾರ ನಾನೂ ಮನ್ಯಾಗ ಇರೂದಿಲ್ಲ. ಯಾರ ಎಲ್ಲಿಗ್ಹೋದ್ರೇನು?" ಎಂದ. ಅವನನ್ನೇ ಮಾಡಿಕೊಂಡೆ. ಇಂಡಿಯಲ್ಲಿ ನಮ್ಮ ರಿಯಾಜು ನಡೆಯುವುದು ಅವನ ನಿಂಬೆಯ ಗೋದಾಮಿನಲ್ಲಿ. ಚೀಲಗಳ ನಡುವೆ ದನಿ ಹದವಾಗಿ ನಿಲ್ಲುತ್ತದೆ. ಎಲ್ಲಿಗೆ ಹೋದರೂ ನಮ್ಮ ವೈರುಗಳಿಂದ ನಿಂಬೆಯ ವಾಸನೆ ಬರುತ್ತದೆ.

ರವಿವಾರಕ್ಕೊಂದು ಊರು. ಯಾರ ಊರಿನಲ್ಲಿ ರಿಯಾಜೋ ಅವರ ಮನೆಯಲ್ಲಿ ಊಟ. ಲಚ್ಯಾಣದ ಮಠದಲ್ಲಿ ನುಡಿಸಿದೆವು, ಸೊಲ್ಲಾಪುರದಲ್ಲಿ, ಪುಣೆಯಲ್ಲಿ, ಹೈದರಾಬಾದಿನಲ್ಲಿ, ಬೆಂಗಳೂರಿನ ಎಸಿ ಸಭಾಂಗಣದಲ್ಲಿ ಚಳಿಗೆ ನಡುಗುತ್ತ ನುಡಿಸಿದೆವು. ನಮ್ಮ ಕ್ಯಾಸೆಟ್ ಬಂತು, ಸಿಡಿ ಬಂತು. ಈಗ ಎಲ್ಲರ ಮೊಬೈಲಿನಲ್ಲಿದ್ದೇವೆ. ಕಬ್ಬಿನ ಟ್ರ್ಯಾಕ್ಟರಿನಲ್ಲಿ ನಮ್ಮ ಹಾಡು ಜೋರಾಗಿ ಹಚ್ಚಿಕೊಂಡು ಹೋಗುವ ಡ್ರೈವರನನ್ನು ಕಂಡಾಗ ನನಗೆ ಆಗುವ ಸಂತೋಷ ಯಾವ ಶಾಲು ಹೊದಿಸಿದಾಗಲೂ ಆಗಿಲ್ಲ. ಎಷ್ಟೇ ದೊಡ್ಡ ಊರಿಗೆ ಹೋದರೂ ಪದ್ಧತಿ ಅದೇ. ಹಾಡಿನ ನಡುವೆ ಒಬ್ಬೊಬ್ಬರಿಗೂ ಒಂದು ಸರದಿ, ಬೇಕಾದಷ್ಟು ಹೊತ್ತು ಬೇಕಾದ ಹಾಗೆ ನುಡಿಸಬಹುದು, ಉಳಿದವರು ಹಿಡಿದುಕೊಂಡಿರುತ್ತಾರೆ. ಕೊನೆಗೆ ಸಿಂದಗಿಯವರ ಭುಜ ಏಳುತ್ತದೆ, ಹಾಡು ಇಳಿಯುತ್ತದೆ.

ಹೋದ ವರ್ಷ ಅವರ ಹಲ್ಲು ಕೈಕೊಟ್ಟವು.

ಅವರು ಯಾರಿಗೂ ಹೇಳಿರಲಿಲ್ಲ. ಕಟಕ ರೊಟ್ಟಿಯನ್ನು ಕರಕರ ಮುರಿದು ತಿನ್ನುವ ಮನುಷ್ಯ ಒಮ್ಮಿಂದೊಮ್ಮೆಲೆ ರೊಟ್ಟಿಯನ್ನು ಬ್ಯಾಳಿಯಲ್ಲಿ ನೆನೆ ಹಾಕತೊಡಗಿದಾಗ ನನಗೆ ತಿಳಿಯಬೇಕಿತ್ತು. ಸ್ಯಾಕ್ಸಫೋನ್ ಊದುವವರು ಅದರ ಬಾಯನ್ನು ಮೇಲಿನ ಮುಂದಿನ ಹಲ್ಲುಗಳಿಂದ ಒತ್ತಿ ಹಿಡಿಯುತ್ತಾರೆ. ಕೆಳಗಿನ ಸ್ವರಕ್ಕೆ ಸಡಿಲ ಹಿಡಿತ ನಡೆಯುತ್ತದೆ, ಮೇಲಕ್ಕೆ ಹೋದಂತೆಲ್ಲ ಬಿಗಿ ಬೇಕು. ಅವರು ಹಾಡು ಇಳಿಸುವುದೇ ಮೇಲಿನಿಂದ. ಒಳಗೆ ಹಲ್ಲು ಅಲುಗಾಡುತ್ತಿದ್ದವು, ಹೊರಗೆ ಅವರು ನಗುತ್ತಿದ್ದರು.

ಮುದ್ದೇಬಿಹಾಳದಲ್ಲಿ ಒಂದು ಮದುವೆ. ಮಧ್ಯಾಹ್ನದ ಮುಹೂರ್ತ. ಅಯ್ಯನವರು ಮಂಗಳಾಷ್ಟಕ ಶುರು ಮಾಡುವ ಮೊದಲು ಬ್ಯಾಂಡ್ ನಿಲ್ಲಬೇಕು, ಅಕ್ಕಿಕಾಳು ಬೀಳುವಾಗ ಮತ್ತೆ ಏಳಬೇಕು. ನೂರಾರು ಸಲ ಮಾಡಿದ ಕೆಲಸ. ಅಯ್ಯನವರು ನಮ್ಮ ಕಡೆ ನೋಡಿದರು. ಸಿಂದಗಿಯವರ ಭುಜ ಎದ್ದಿತು. ನಾವು ಮೂವರೂ ಕಿವಿ ನಿಮಿರಿಸಿದೆವು. ಫುಸ್ ಎಂದು ಬರಿ ಗಾಳಿ ಬಂತು.

ಇನ್ನೊಂದು ಸುತ್ತು ಬೇಕಾಗಿರಬೇಕು ಎಂದುಕೊಂಡೆವು. ಒಂದು ಸುತ್ತು ಹೊಡೆದೆವು. ಮತ್ತೆ ಭುಜ ಎದ್ದಿತು, ಮತ್ತೆ ಗಾಳಿ. ಇನ್ನೊಂದು ಸುತ್ತು. ಅಯ್ಯನವರ ಹುಬ್ಬು ಗಂಟಾಯಿತು. ಜನರೆಲ್ಲ ಮುಷ್ಟಿಯಲ್ಲಿ ಅಕ್ಕಿ ಹಿಡಿದು ಎದ್ದು ನಿಂತಿದ್ದಾರೆ. ಮದುಮಗನ ಸೋದರಮಾವ ನಮ್ಮ ಕಡೆ ಕೈ ಬೀಸುತ್ತಿದ್ದಾನೆ. ಬಾಗೇವಾಡಿ ಅದನ್ನು ಹುಮ್ಮಸ್ಸು ಎಂದು ತಿಳಿದು ಹಲಗೆಯನ್ನು ಇನ್ನಷ್ಟು ಜೋರು ಮಾಡಿದ. ನಾನು ಮುದ್ದೇಬಿಹಾಳನನ್ನು ನೋಡಿದೆ, ಅವನು ನನ್ನನ್ನು ನೋಡಿದ. ನಿಲ್ಲಿಸಬಹುದಿತ್ತು. ಬೆರಳು ಎತ್ತಿದರೆ ಮುಗಿಯಿತು. ಸಿಂದಗಿಯವರು ಇಳಿಸದೆ ನಿಲ್ಲಿಸುವುದು ಹೇಗೆಂದು ನಮ್ಮ ಬೆರಳುಗಳಿಗೆ ಗೊತ್ತಿರಲಿಲ್ಲ.

ಕೊನೆಗೆ ಮುಂದಿನ ಸಾಲಿನ ಒಬ್ಬ ಮುದುಕಿಗೆ ಕೈ ನೋವಾಗಿರಬೇಕು, ಅಕ್ಕಿ ಎಸೆದುಬಿಟ್ಟಳು. ಅವಳನ್ನು ನೋಡಿ ಅವಳ ಪಕ್ಕದವಳು, ಆಮೇಲೆ ಪೆಂಡಾಲಿಗೆ ಪೆಂಡಾಲೇ. ತಾಳಿ ಇನ್ನೂ ತಟ್ಟೆಯಲ್ಲಿತ್ತು. ಮಂತ್ರ ಇನ್ನೂ ಅಯ್ಯನವರ ಗಂಟಲಲ್ಲಿತ್ತು. ಯಾರೋ ಓಡಿ ಹೋಗಿ ಜನರೇಟರ್ ಆರಿಸಿದರು. ನಾನೂ ಗಿಟಾರೂ ಬಂದ್ ಆದೆವು. ಹಲಗೆಗೆ ಎಲ್ಲಿಯ ಕರೆಂಟು, ಅದು ನಡೆದೇ ಇತ್ತು. ಆಗ ಸಿಂದಗಿಯವರೇ ಅಂಗೈ ಎತ್ತಿ ನಿಲ್ಲಿಸಿದರು. ಅಯ್ಯನವರು ದೊಡ್ಡ ಮನಸ್ಸಿನವರು. "ಅಕ್ಕಿ ಬಿತ್ತಲ್ರಿ, ಈಗ ತಾಳಿ ಕಟ್ಟಸೂಣು. ಉಲ್ಟಾ ಆದ್ರೇನು, ಲಗ್ನ ಲಗ್ನಾನ" ಎಂದರು. ಜನ ನಕ್ಕರು. ಆ ಜೋಡಿ ಈಗಲೂ ಸುಖವಾಗಿದೆ, ನಾನು ವಿಚಾರಿಸುತ್ತಿರುತ್ತೇನೆ.

ನಾನೂ ನಗುತ್ತಲೇ ಭಾಯಿಯ ಕಡೆ ತಿರುಗಿದೆ. ಅವರು ಕುರ್ಚಿಯಲ್ಲಿ ಕುಳಿತು ಕರವಸ್ತ್ರ ಬಿಚ್ಚಿ ನೋಡುತ್ತಿದ್ದರು. ಅದರಲ್ಲಿ ಅವರ ಮುಂದಿನ ಹಲ್ಲು ಇತ್ತು. ನನ್ನ ನಗೆ ಅಲ್ಲೇ ನಿಂತಿತು.

ವಿಜಯಪುರದ ದಂತವೈದ್ಯರು ಮೇಲಿನ ಉಳಿದ ಹಲ್ಲುಗಳನ್ನೂ ಕಿತ್ತು ಕಟ್ಟಿಸಿದ ಹಲ್ಲು ಕೊಟ್ಟರು. ಗಾಯ ಮಾಯ್ದ ಮೇಲೆ ಭಾಯಿ ಸ್ಯಾಕ್ಸಫೋನ್ ಹೊತ್ತು ನಮ್ಮ ಗೋದಾಮಿಗೆ ಬಂದರು. ಬಾಯಿಗಿಟ್ಟು ಊದಿದರೆ ಹಲ್ಲಿನ ಸೆಟ್ಟೇ ಜಾರಿ ಮುಂದೆ ಬಂತು. ರಬ್ಬರ್ ಹಳೆಯದಾದ ಕುಕ್ಕರಿನಂತೆ ಸುತ್ತಲಿಂದಲೂ ಗಾಳಿ. ಮೊದಲ ಸಲ ಎಲ್ಲರೂ ನಕ್ಕೆವು, ಅವರೂ ನಕ್ಕರು. ಮೂರನೆಯ ರವಿವಾರದ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಅವರು ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟು ಹೇಳಿದರು.

"ನನ್ಲೇ ಇನ್ನ ಇಳಸಾಕ ಆಗೂದಿಲ್ಲ ಅಕ್ಕೋರ. ಬ್ಯಾರೇದಾವ್ರನ್ನ ನೋಡ್ಕೋರಿ."

"ಏನ್ ಮಾತ್ ಭಾಯಿ ಇದು? ನೀವು ಇಳಸೂ ತನಕಾ ನಾವು ಕಾಯ್ತೇವಿ" ಎಂದೆ.

"ಹೌದ್ರಿ, ನಿಮ್ಮನ್ನ ಬಿಟ್ಟು ಯಾರೂ ಇಳಸಾಂಗಿಲ್ಲ" ಎಂದು ಬಾಗೇವಾಡಿ ಆಣೆ ಮಾಡಿದ ಹಾಗೆ ಹೇಳಿದ.

ಭಾಯಿ ಪೆಟ್ಟಿಗೆಯ ಕೊಂಡಿ ಹಾಕಿದರು. ನಾವು ಮೂವರು ಬಹಳ ಒಳ್ಳೆಯ ಮಾತು ಆಡಿದೆವೆಂದು ಬೀಗಿದೆವು. ಬಂದ ಕರೆಗಳಿಗೆಲ್ಲ, ಭಾಯಿಗೆ ಆರಾಮಾಗಲಿ, ಆಮೇಲೆ ಬರುತ್ತೇವೆ ಎಂದೆವು. ಒಂದು ದಿನ ಮುದ್ದೇಬಿಹಾಳ ಅಂಜುತ್ತ ಅಂಜುತ್ತ, ನನ್ನ ಕೀಬೋರ್ಡಿನಲ್ಲಿ ಸ್ಯಾಕ್ಸಫೋನ್ ದನಿಯ ಬಟನ್ ಇದೆಯಲ್ಲ, ಸದ್ಯಕ್ಕೆ ಅದನ್ನು ಒತ್ತಿ ನಾನೇ ಇಳಿಸಿದರೆ ಹೇಗೆ ಎಂದು ಕೇಳಿದ. ನಾನು ಅವನಿಗೆ ಬೈದದ್ದನ್ನು ಇಲ್ಲಿ ಬರೆಯಲಾರೆ. ಶಾಲೆಯಲ್ಲಿ ಇಷ್ಟು ವರ್ಷ ತಡೆ ಹಿಡಿದ ಮಾತುಗಳೆಲ್ಲ ಅವನ ಪಾಲಿಗೆ ಬಂದವು. ಅವನು ಪಾಪ ಎರಡು ರವಿವಾರ ನನ್ನ ಮನೆಯಲ್ಲಿ ಊಟ ಮಾಡಲಿಲ್ಲ, ಅವನ ಮಟ್ಟಿಗೆ ಅದು ಉಪವಾಸ ಸತ್ಯಾಗ್ರಹ.

ಭಾಯಿ ರಿಯಾಜಿಗೆ ಬರುವುದನ್ನೇ ಬಿಟ್ಟರು. ಅಷ್ಟರಲ್ಲಿ ಬಾಗೇವಾಡಿಯ ಮಗಳ ಮದುವೆ ಗೊತ್ತಾಯಿತು. ಭಾಯಿ ಅವನಿಗೆ ಫೋನಿನಲ್ಲಿ, ಮದುವೆಗೆ ಬರುತ್ತೇನೆ, ಸ್ಯಾಕ್ಸಫೋನೂ ತರುತ್ತೇನೆ, ಆದರೆ ಅದೇ ಕೊನೆ ಎಂದಿದ್ದರು. ಆಮೇಲೆ ವಾದ್ಯವನ್ನು ಮೋರಟಗಿಯ ಬ್ಯಾಂಡಿನವರಿಗೆ ಕೊಡುವ ಮಾತಾಗಿತ್ತು. ಬಾಗೇವಾಡಿ ನನಗೆ ಇದನ್ನು ಹೇಳುವಾಗ ಅತ್ತ. ನನಗೂ ಅಳು ಬಂತು. ಭಾಯಿ ಇಲ್ಲದ ಬ್ಯಾಂಡು ನನಗೆ ಬೇಡವಾಗಿತ್ತು. ಅವರು ಬದುಕಿದ್ದಾಗಲೇ ಅವರನ್ನು ಕಳೆದುಕೊಳ್ಳುವುದು ಎಂಥ ಕರ್ಮ ಎಂದು ಮನೆಯಲ್ಲಿ ಪಾತ್ರೆಗಳನ್ನು ಕುಕ್ಕಿದೆ. ನಿಂಬೆ ವ್ಯಾಪಾರಿ ಗೋದಾಮಿಗೆ ಓಡಿ ಹೋದ.

ಮದುವೆಗೆ ಒಂದು ವಾರ ಮೊದಲು ನಾನೊಬ್ಬಳೇ ಬಸ್ಸು ಹತ್ತಿ ಸಿಂದಗಿಗೆ ಹೋದೆ. ಬೈದಾದರೂ ಒಪ್ಪಿಸಿ ಬರಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮುಂಜಾನೆಯ ಬಿಸಿಲು ಇನ್ನೂ ಎಳೆಯದಿತ್ತು. ಅವರ ಓಣಿಗೆ ತಿರುಗಿದೆ, ದನಿ ಕೇಳಿತು. ಮೊದಲು ಬೇರೆ ಯಾರೋ ನುಡಿಸುತ್ತಿದ್ದಾರೆ ಎಂದುಕೊಂಡೆ. ಸ್ಯಾಕ್ಸಫೋನಿನ ಆ ಖಡಕ್ಕು ಇರಲಿಲ್ಲ. ಕೆಳಗಿನ ಸ್ವರಗಳಲ್ಲೇ, ಎದೆಯ ಹತ್ತಿರ ಕುಳಿತು ಮಾತಾಡಿದ ಹಾಗೆ ಮೆತ್ತಗೆ, ಸ್ವಲ್ಪ ಸನಾದಿಯ ಹಾಗೆ. ನಾನು ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಮಟ್ಟು ಅದೇ ಹಳೆಯ ಭಜನೆಯದು. ಮೂವತ್ತು ವರ್ಷ ಕೇಳಿದ ಮಟ್ಟಿನಲ್ಲಿ ಇಷ್ಟು ಜಾಗವಿತ್ತೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಮುಗಿಯುವ ಹೊತ್ತು ಬಂತು, ಉಸಿರು ಎಳೆದುಕೊಂಡ ಸದ್ದು ಕೇಳಿತು. ಒಂದು ಕೀರಲು. ಪೆಟ್ಟಿಗೆ ಮುಚ್ಚಿದ ಸದ್ದು.

ಭಾಬಿ ಹೊರಗೆ ಬಂದು ನನ್ನನ್ನು ಕಂಡು ಬೆರಗಾದರು. ಒಳಗೆ ಕರೆಯುವ ಮೊದಲೇ ನನ್ನ ಪಕ್ಕದಲ್ಲಿ ಕುಳಿತು ದನಿ ತಗ್ಗಿಸಿದರು.

"ದಿನಾ ಹಿಂಗ ಐತ್ರಿ. ಕಟ್ಟಿಸಿದ ಹಲ್ಲ ತಗದಿಟ್ಟು, ಅವ್ರ ಅಬ್ಬಾ ಸನಾದಿ ಹಿಡೀತಿದ್ರಲ್ಲ, ಹಂಗ ತುಟಿಲೇ ಹಿಡದು ಬಾರಸ್ತಾರ. ನಡಕ ಮಾರೀ ಮ್ಯಾಲ ಎಷ್ಟ ಖುಷಿ ಇರ್ತೈತಿ ಅಂತೀರಿ. ಮುಗಸೂ ಹೊತ್ತಿಗೆ ಆ ಮ್ಯಾಲಿಂದು ಹತ್ತಾಕ ಹೋಗ್ತಾರ, ಆಗೂದಿಲ್ಲ, ಮಾರಿ ಸಣ್ಣದು ಮಾಡಿಕೊಂಡು ಎದ್ದಬಿಡ್ತಾರ."

"ನಾವು ಕಾಯ್ತೇವಿ ಅಂತ ಹೇಳೇವಲ್ರಿ ಭಾಬಿ."

ಭಾಬಿ ನನ್ನನ್ನು ದಿಟ್ಟಿಸಿ ನೋಡಿದರು. ಅವರು ಮೆತ್ತನೆಯ ಹೆಂಗಸು, ಆದರೆ ಆವತ್ತು ಮಾತು ನೆಟ್ಟಗೆ ಬಂತು.

"ಏನ್ ಕಾಯ್ತೀರಿ? ಹಲ್ಲ ಹೊಳ್ಳಿ ಬರ್ತಾವೇನು? ನೀವೆಲ್ಲಾ ಆ ಇಳಸೂದೊಂದ ಕೇಳಾಕತ್ತೀರಿ. ಅದನ್ನ ಬಿಟ್ಟು ಉಳದದ್ದು ನಿಮಗ್ಯಾರಿಗೂ ಬ್ಯಾಡೇನ್ರಿ?"

ಒಳಗೆ ಹೋಗಿ ಚಹಾ ಕುಡಿದೆ, ಭಾಯಿಯ ಜೊತೆ ನಿಂಬೆಯ ಧಾರಣೆಯ ಬಗ್ಗೆ ಮಾತಾಡಿದೆ. ಜೋಡಿಸಿಕೊಂಡು ಹೋದ ಒಂದು ಮಾತನ್ನೂ ಆಡಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ನನ್ನ ಮೇಲೆ ನನಗೇ ಸಿಟ್ಟು. ಅವರ ತಲೆಯ ಮೇಲಿನ ಭಾರವನ್ನು ನಾವು ಮರ್ಯಾದೆ ಎಂದು ಕರೆದಿದ್ದೆವು. ಅದನ್ನು ಯಾರಾದರೂ ಹೊತ್ತುಕೊಂಡರೆ ಅವರು ಉಳಿಯಬಹುದು. ಆದರೆ ಯಾರಾದರೂ ಹೊತ್ತುಕೊಂಡರೆ, ಇನ್ನು ನೀವು ಏಳಿರಿ ಎಂದು ಹೇಳಿದ ಹಾಗೂ ಆಗಬಹುದು. ಬಾಯಿ ಬಿಟ್ಟು ಕೇಳುವಂತಿಲ್ಲ. ಕೇಳಿದರೆ ಅವರು, ನಿಮ್ಮ ಇಷ್ಟ ಅಕ್ಕೋರ ಎಂದು ನಕ್ಕು ಎದ್ದೇ ಹೋಗುವ ಮನುಷ್ಯ.

ಬಾಗೇವಾಡಿಯ ಮಗಳ ಮದುವೆ ಬೆಳಗಿನಲ್ಲೇ ಇತ್ತು. ಬುದ್ಧನ ಮೂರ್ತಿಯ ಮುಂದೆ ಮೇಣಬತ್ತಿ ಹಚ್ಚಿ, ಬಿಳಿ ಸೀರೆಯ ಹುಡುಗಿಯೂ ಬಿಳಿ ಅಂಗಿಯ ಹುಡುಗನೂ ವಂದನೆ ಹೇಳಿದರು. ಇಲ್ಲಿ ಅಕ್ಕಿಯಿಲ್ಲ, ಹೂವಿನ ಎಸಳು. ಎಲ್ಲವೂ ಹೊತ್ತಿಗೆ ಸರಿಯಾಗಿ, ಉಲ್ಟಾ ಆಗದೆ ನಡೆಯಿತು. ಮಗಳಿಗೆ ಹೂವು ಹಾಕಿದ ಕೈಯಲ್ಲೇ ಬಾಗೇವಾಡಿ ಬಂದು ತನ್ನ ಎತ್ತರದ ಕುರ್ಚಿಯಲ್ಲಿ ಕುಳಿತ. ಹೆಣ್ಣಿನ ತಂದೆ ಮದುವೆಯಲ್ಲಿ ಹಲಗೆ ಬಾರಿಸುವುದೇ ಎಂದು ಬೀಗರ ಕಡೆಯ ಒಬ್ಬರು ಗೊಣಗಿದರು. ಅವನು ಅವರಿಗೆ ಕೇಳುವ ಹಾಗೆ ಒಂದು ಪೆಟ್ಟು ಹಾಕಿದ, ಗೊಣಗು ನಿಂತಿತು.

ಭಾಯಿ ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ, ತಲೆಗೆ ಟೊಪ್ಪಿಗೆ. ಕಟ್ಟಿಸಿದ ಹಲ್ಲನ್ನು ತೆಗೆದು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟರು. ನಮ್ಮ ಮೂವರನ್ನೂ ಒಮ್ಮೆ ನೋಡಿ, ತುಟಿಯಿಂದ ಹಿಡಿದು ಶುರು ಮಾಡಿದರು.

ಪೆಂಡಾಲು ಮೊದಲು ಗದ್ದಲ ಮಾಡುತ್ತಿತ್ತು. ನಿಧಾನಕ್ಕೆ ಕುರ್ಚಿಗಳ ಸದ್ದು ಕಡಿಮೆಯಾಯಿತು. ಆ ಕೆಳದನಿಗೆ ಜಾಗ ಮಾಡಿಕೊಡಲು ಬಾಗೇವಾಡಿ ಕೋಲು ಬಿಟ್ಟು ಬೆರಳಿನಿಂದ ಹಲಗೆ ಮುಟ್ಟತೊಡಗಿದ. ಮುದ್ದೇಬಿಹಾಳ ಎರಡು ತಂತಿಗಳಲ್ಲೇ ಓಡಾಡಿದ. ನಾವು ನಮ್ಮ ಸರದಿಗಳನ್ನು ಬೇಗ ಮುಗಿಸಿ ಭಾಯಿಗೆ ಬಿಟ್ಟುಕೊಟ್ಟೆವು. ಅವರು ಕಣ್ಣು ಮುಚ್ಚಿಕೊಂಡು ನುಡಿಸುತ್ತಿದ್ದರು. ಆ ಮುಖವನ್ನು ನಾನು ಎಷ್ಟೋ ವರ್ಷಗಳಿಂದ ಅಷ್ಟು ಹಗುರಾಗಿ ಕಂಡಿರಲಿಲ್ಲ. ನನಗೆ ಸುಖವೂ ಅಳುವೂ ಒಟ್ಟಿಗೇ ಬಂದವು.

ಆಮೇಲೆ ಅವರು ಕಣ್ಣು ತೆರೆದರು. ಮುಗಿಸುವ ಹೊತ್ತಾಗಿತ್ತು. ಬಾಗೇವಾಡಿ ಮತ್ತು ಮುದ್ದೇಬಿಹಾಳ ರೂಢಿಯಂತೆ ಅವರ ಕಡೆ ಕಿವಿಗೊಟ್ಟರು. ಹಣೆಯ ಮೇಲೆ ಬೆವರು ಬಂದದ್ದು ನನಗೆ ಕಂಡಿತು. ಭುಜ ನಿಧಾನಕ್ಕೆ ಏಳುತ್ತಿತ್ತು. ಇನ್ನೊಂದು ಗಳಿಗೆಯಲ್ಲಿ ಆ ಕೀರಲು ಇಡೀ ಪೆಂಡಾಲಿಗೆ ಕೇಳುತ್ತದೆ, ಅವರು ನಕ್ಕು ಪೆಟ್ಟಿಗೆ ಮುಚ್ಚುತ್ತಾರೆ, ಅದು ಮೋರಟಗಿಗೆ ಹೋಗುತ್ತದೆ.

ನಾನು ಇಳಿಸಿದೆ.

ಸ್ಯಾಕ್ಸಫೋನ್ ಬಟನ್ ಒತ್ತಲಿಲ್ಲ. ನನ್ನ ಹಾರ್ಮೋನಿಯಂ ದನಿಯಲ್ಲೇ, ಎಡಗೈಯಿಂದ, ಕೆಳಗಿನಿಂದಲೇ ಹಿಡಿದು ಕೆಳಗೇ ಇಟ್ಟೆ. ಅಟ್ಟಕ್ಕೆ ಹತ್ತುವ ಗೊಡವೆಗೆ ಹೋಗಲಿಲ್ಲ. ಮುದ್ದೇಬಿಹಾಳ ಬೆಚ್ಚಿ ನಿಲ್ಲಿಸಿದ. ಬಾಗೇವಾಡಿಯ ಬೆರಳು ಒಂದು ಪೆಟ್ಟು ತಡವಾಗಿ ನಿಂತಿತು. ಜನ ಚಪ್ಪಾಳೆ ತಟ್ಟತೊಡಗಿದರು. ಇಬ್ಬರೂ ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ತುಂಬಿದ ಮನೆಯಲ್ಲಿ ಹಿರಿಯರ ಕೈಯಿಂದ ತಟ್ಟೆ ಕಸಿದುಕೊಂಡವಳನ್ನು ನೋಡಿದ ಹಾಗೆ. ನಾನು ಕೀಬೋರ್ಡಿನ ಕಪ್ಪು ಬಿಳಿ ಪಟ್ಟಿಗಳನ್ನೇ ನೋಡುತ್ತ ಕುಳಿತೆ. ಭಾಯಿಯ ಕಡೆ ತಲೆ ಎತ್ತುವ ಧೈರ್ಯ ನನಗಿರಲಿಲ್ಲ. ನಾನೇ ಅವರನ್ನು ಎಬ್ಬಿಸಿಬಿಟ್ಟೆ ಎಂದುಕೊಂಡೆ.

ಚಪ್ಪಾಳೆ ಇನ್ನೂ ಪೂರ್ತಿ ನಿಂತಿರಲಿಲ್ಲ. ಅದರ ಕೆಳಗಿನಿಂದ ಒಂದು ಸ್ವರ ಕೇಳಿತು. ಮೆತ್ತಗೆ, ಉದ್ದಕ್ಕೆ. ತಲೆ ಎತ್ತಿ ನೋಡಿದೆ. ಭಾಯಿ ಭುಜ ಇಳಿಸಿ ಆರಾಮಾಗಿ ಕುಳಿತಿದ್ದರು, ವಾದ್ಯ ತುಟಿಯಲ್ಲೇ ಇತ್ತು. ಅದೇ ಮಟ್ಟನ್ನು ಮತ್ತೆ ಮೊದಲಿನಿಂದ ಎತ್ತಿ ಒಂದು ಸುತ್ತು ಹೊಡೆದರು. ಆಮೇಲೆ ತುಟಿಯಿಂದ ಬಿಡಿಸಿ, ಹಲ್ಲಿಲ್ಲದ ಬಾಯಿ ತುಂಬ ನಕ್ಕು, ನನ್ನನ್ನು ಗದರಿಸಿದರು.

"ಯಾಕ ನಿಲ್ಲಸಿದ್ರಿ ಅಕ್ಕೋರ? ನಂದಿನ್ನೂ ಮುಗದಿಲ್ಲ."